ಮೂವತ್ತೆರಡನೇ ನಂಬರಿನ ಜಟ್ಟ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಏಳನೇ ಇಯತ್ತೆಯ ನಡುವೆ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟವನಲ್ಲ. ಸಾಂಟಾ ಕ್ಲಾರಾದಲ್ಲಿ ನಮ್ಮವರ ಯುಗಾದಿ ಊಟಕ್ಕೆ ಹೋದಾಗ ಪಕ್ಕದಲ್ಲಿ ಕೂತ ಹುಡುಗ, "ಅಂಕಲ್, ನಿಮ್ದು ಯಾವ ಕಾಲೇಜು?" ಎಂದು ಕೇಳಿದರೆ, "ನಂದು ನೀರಿನ ಮ್ಯಾಲಿನ ಕಾಲೇಜು, ತಮ್ಮಾ. ಭರತಿ ಬಂದ್ರ ಏಳ್ತಿತ್ತು, ಇಳಿತ ಬಂದ್ರ ಕೆಸರಿನ್ಯಾಗ ಕೂಡ್ತಿತ್ತು" ಅನ್ನುತ್ತೇನೆ. ಅವನು ನಗುತ್ತಾನೆ, ನಾನೂ ನಗುತ್ತೇನೆ. ಎರಡು ಕೈಯಿಂದ ಬದುಕು ಕಟ್ಟಿಕೊಂಡವನಿಗೆ ನಾಚಿಕೆ ಯಾಕೆ? ಅಲಮೀಡಾದ ದೋಣಿ ಯಾರ್ಡಿನಲ್ಲಿ ನನ್ನದು ಹಗ್ಗದ ಕೆಲಸ. ಲಾಸ್ ಆಲ್ಟೋಸಿನ ಡಾಕ್ಟರುಗಳ ಹಾಯಿದೋಣಿಗಳಿಗೆ ಹೊಸ ಹಗ್ಗ ಕಟ್ಟುತ್ತೇನೆ, ಹಳೆಯದನ್ನು ಹೆಣೆದು ಜೋಡಿಸುತ್ತೇನೆ. ಈಗಿನ ಹಗ್ಗಗಳೆಲ್ಲ ನೈಲಾನಿನ ಜಾತಿಯವು. ಮೂಗಿನ ಹತ್ತಿರ ಹಿಡಿದರೂ ವಾಸನೆಯಿಲ್ಲ. ಆದರೆ ಕಳೆದ ತಿಂಗಳು ನಮ್ಮ ಯಾರ್ಡಿಗೆ ಒಂದು ಹಳೆಯ ಮರದ ಹಾಯಿಹಡಗು ರಿಪೇರಿಗೆ ಬಂತು. ಅದರ ಹಗ್ಗಗಳಿಗೆ ಹಳೇ ಕಾಲದಂತೆಯೇ ಟಾರು ಬಳಿಯಬೇಕು ಎಂದು ಹಡಗಿನವರು ಒಂದು ಡಬ್ಬಿ ತಂದುಕೊಟ್ಟರು. ಮುಚ್ಚಳ ಎಬ್ಬಿಸಿದೆ. ಸುಟ್ಟ ದೇವದಾರು, ಬೆಲ್ಲದ ಪಾಕ, ಹೊಗೆ ಹಿಡಿದ ಕಂಬಳಿ, ಎಲ್ಲ ಸೇರಿದಂಥ ಆ ವಾಸನೆ ಮೇಲೆದ್ದು ಬಂದದ್ದೇ, ನಾನು ಕೈಲಿದ್ದ ಬ್ರಷ್ಷನ್ನು ಹಾಗೇ ಹಿಡಿದುಕೊಂಡು ಒಂದು ಬೋರಲು ಬಕೇಟಿನ ಮೇಲೆ ಕೂತುಬಿಟ್ಟೆ. ಐವತ್ತು ವರ್ಷದಲ್ಲಿ ಆ ವಾಸನೆ ಒಂದು ಎಳೆಯಷ್ಟೂ ಬದಲಾಗಿರಲಿಲ್ಲ.

ನೀವೆಲ್ಲ ನಮ್ಮ ಕನ್ನಡ ಸಂಘದ ಇಂಥ ಸಂಚಿಕೆಗಳಲ್ಲಿ ಬಿಟ್ಟುಬಂದ ಮನೆಗಳ ಬಗ್ಗೆ ಬರೆಯುತ್ತೀರಿ, ನಾನು ಓದುತ್ತೇನೆ. ನಾನು ಬಿಟ್ಟುಬಂದ ಮನೆಗೆ ಅಡಿಪಾಯ ಇರಲಿಲ್ಲ. ಅದು ಇಂಗ್ಲಿಷರ ಕಾಲದ ಕಬ್ಬಿಣದ ಹಾಯಿಹಡಗು. ಒಂದು ಕಾಲಕ್ಕೆ ಸಮುದ್ರಗಳನ್ನೆಲ್ಲ ಸುತ್ತಿ ಬಂದದ್ದಂತೆ. ನಾವು ಸೇರುವ ಹೊತ್ತಿಗೆ ಅದರ ಮೂರು ಕಂಬಗಳಲ್ಲಿ ಒಂದನ್ನು ಕಡಿದು, ಪಶ್ಚಿಮ ಕರಾವಳಿಯ ಒಂದು ಅಳಿವೆಯಲ್ಲಿ ದಪ್ಪ ಸರಪಳಿ ಹಾಕಿ ಕಟ್ಟಿ, ದಿಕ್ಕಿಲ್ಲದ ಹುಡುಗರಿಗೆ ಖಲಾಸಿ ಕೆಲಸ ಕಲಿಸುವ ಶಾಲೆ ಮಾಡಿದ್ದರು. ಅನಾಥಾಲಯದಿಂದ ಬಂದವರು, ಬಾಲಮಂದಿರದಿಂದ ಬಂದವರು, ಮೀನುಗಾರರ ಕೇರಿಯವರು, ನನ್ನಂತೆ ಅಪ್ಪ ಸತ್ತು ಅವ್ವನ ಕೈಯಲ್ಲಿ ಸಾಕಲಾಗದೆ ಬಂದವರು, ಹೀಗೆ ನಲವತ್ತು ಚಿಲ್ಲರೆ ಹುಡುಗರು. ನನ್ನಪ್ಪ ಹುಬ್ಬಳ್ಳಿಯ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಅವನು ಹೋದ ಮೇಲೆ ನಮ್ಮ ಶಾಲೆಯ ಮಾಸ್ತರರೇ ಅರ್ಜಿ ತುಂಬಿ, "ಹೊಟ್ಟೆಗೆ ಕೊಡ್ತಾರ, ಅರಿವಿ ಕೊಡ್ತಾರ, ಹೋಗಪಾ" ಎಂದು ಕಳಿಸಿದರು. ಅಲ್ಲಿಯವರೆಗೆ ನಾನು ಉಣಕಲ್ ಕೆರೆಗಿಂತ ದೊಡ್ಡ ನೀರು ನೋಡಿದವನಲ್ಲ. ಹಡಗಿಗೆ ಒಂದು ಭಾರಿ ಹೆಸರಿತ್ತು, ಹಿತ್ತಾಳೆಯ ಅಕ್ಷರದಲ್ಲಿ. ನಾನು ಮೊದಲ ದಿನ ಅದರ ಹೊಟ್ಟೆ ನೋಡಿ, ಅದರ ನರಳಿಕೆ ಕೇಳಿ "ದೊಡ್ಡವ್ವ" ಅಂದೆ. ಎಲ್ಲರಿಗೂ ಅದೇ ಬಾಯಿಗೆ ಹತ್ತಿತು.

ದೊಡ್ಡವ್ವನ ಮನೆಯಲ್ಲಿ ಹೆಸರಿಲ್ಲ, ನಂಬರು. ನಾನು ಮೂವತ್ತೊಂದು. ಅಂಗಿಯ ಎದೆಯ ಮೇಲೆ, ಲೋಟದ ತಳಕ್ಕೆ, ಮಲಗುವ ಜೋಲಿಯ ಕೊಕ್ಕೆಗೆ, ಎಲ್ಲ ಕಡೆ ಮೂವತ್ತೊಂದು. ಬೆಳಗಾದರೆ ಗಂಟೆ, ಜೋಲಿ ಸುತ್ತಿ ಏಳು ಗಂಟು ಹಾಕಿ ಕಟ್ಟಬೇಕು. ಆರು ಹಾಕಿದವನಿಗೆ ಚಹಾ ಇಲ್ಲ. ಆಮೇಲೆ ಮೊಣಕಾಲೂರಿ ಅಟ್ಟದ, ಅಂದರೆ ಡೆಕ್ಕಿನ, ಹಲಗೆಗಳನ್ನು ಮರಳು ಹಾಕಿ ತೆಂಗಿನ ನಾರಿನಿಂದ ತಿಕ್ಕುವುದು. ಒದ್ದೆ ಮರದ ಮೇಲೆ ಎಳೆಬಿಸಿಲು ಬಿದ್ದಾಗ ಒಂದು ಬಿಸಿ ಆವಿ ಏಳುತ್ತಿತ್ತು, ಅದರೊಳಗೆ ಉಪ್ಪು, ಟಾರು, ಕೆಳಗಿನ ಅಡಿಗೆಮನೆಯಲ್ಲಿ ಬಾಂಗಡೆ ಸಾರಿಗೆ ಹಾಕಿದ ಕೋಕಮ್ಮಿನ ಹುಳಿ. ಇಳಿತ ಬಂದಾಗ ಹಡಗು ಕೆಸರಿಗೆ ಕೂತು ಒಂದು ಕಡೆ ವಾಲುತ್ತಿತ್ತು. ಆಗ ಊಟಕ್ಕೆ ಕೂತರೆ ಸಾರು ತಾಟಿನ ಒಂದೇ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಒಂದು ತಾಟಿಗೆ ನಾಲ್ವರು. ವಾಲಿದ ಕಡೆ ಕೂತವನಿಗೆ ಸಾರು, ಎತ್ತರದಲ್ಲಿ ಕೂತವನಿಗೆ ಬರೀ ಅನ್ನ. ಆ ಲೆಕ್ಕದಲ್ಲಿ ಜಗಳಗಳು, ಗುದ್ದಾಟ, ಬೆತ್ತದ ಏಟು. ಸಂಜೆಗೆ ದಂಡೆಯ ಊರಿನಲ್ಲಿ ದೀಪ ಹತ್ತಿದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು. ಅತ್ತವನನ್ನು ಯಾರೂ ಹಂಗಿಸುತ್ತಿರಲಿಲ್ಲ. ಅದೊಂದು ಕಾನೂನು, ಯಾರೂ ಬರೆದದ್ದಲ್ಲ.

ನಮಗೆ ಕೆಲಸ ಕಲಿಸುತ್ತಿದ್ದವರು ಸಾರಂಗ ಚಾಚಾ. ಹಡಗಿನ ಖಲಾಸಿಗಳ ಮುಖ್ಯಸ್ಥನಿಗೆ ಸಾರಂಗ ಅನ್ನುತ್ತಾರೆ. ರತ್ನಾಗಿರಿಯ ಕಡೆಯ ಮುದುಕರು, ನರೆತ ಗಡ್ಡ, ಹೆಬ್ಬೆರಳಿನಷ್ಟೇ ದಪ್ಪದ ಕಿರುಬೆರಳು. ಅವರು ಹುಡುಗರಿಗೆ ಒಂದು ಏಟೂ ಹಾಕಿದವರಲ್ಲ. ಗಂಟು ತಪ್ಪಾದರೆ ಹಗ್ಗಕ್ಕೇ ಬೈಯುತ್ತಿದ್ದರು: "ಅರೇ ಹರಾಮಿ, ಈ ಹುಡುಗನಿಗೆ ಯಾಕೆ ತ್ರಾಸ ಕೊಡ್ತೀ?" ಬೆತ್ತಕ್ಕಿಂತ ಅದೇ ನಾಟುತ್ತಿತ್ತು. ಅವರ ಕಣ್ಣಿಗೆ ಬಿದ್ದ ಮೊದಲ ಹುಡುಗ ಜಟ್ಟ.

ಜಟ್ಟನ ನಂಬರು ಮೂವತ್ತೆರಡು, ಜೋಲಿ ನನ್ನ ಪಕ್ಕದ್ದು. ಕುಮಟಾದ ಕಡೆಯ ಮೀನುಗಾರರ ಹುಡುಗ, ಅಪ್ಪ ಅಮ್ಮ ಇಬ್ಬರೂ ಇಲ್ಲ, ಒಬ್ಬಳು ತಂಗಿ ಅಜ್ಜಿಯ ಹತ್ತಿರ. ಸಣಕಲ ಮೈ, ದೊಡ್ಡ ಕಿವಿ. ಮೊದಲ ವಾರ ನನಗೆ ತಲೆ ಸುತ್ತಿ ಸುತ್ತಿ ವಾಂತಿಯಾಗುವಾಗ, "ಎಂತಾ ಮಾರಾಯ, ಕಟ್ಟಿ ಹಾಕಿದ ಹಡಗಲ್ಲೂ ಕಾರ್ತ್ಯಲ್ಲ! ನೀ ಸಮುದ್ರಕ್ಕೆ ಹೋದ್ರೆ ಮೀನಿಗೆಲ್ಲ ಹಬ್ಬ" ಎಂದು ನಗುತ್ತಲೇ ನನ್ನ ತಲೆ ಹಿಡಿದುಕೊಂಡಿದ್ದ. ನನ್ನ ಪಾಲಿನ ಹಲಗೆಯನ್ನೂ ಅವನೇ ತಿಕ್ಕಿದ. ಹಗ್ಗದ ಕೆಲಸ, ಕಂಬ ಹತ್ತುವುದು, ಹುಟ್ಟು ಹಾಕುವುದು, ಎಲ್ಲದರಲ್ಲೂ ಅವನು ಮುಂದು, ನಾನು ಹಿಂದೆ. ಅದರಲ್ಲೂ ನೀರಿನ ಆಳ ಅಳೆಯುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಎಸೆದು, ಎಷ್ಟು ಮಾರು ಇಳಿಯಿತು ಎಂದು ಕೂಗಬೇಕು. ಹಗ್ಗದಲ್ಲಿ ಅಲ್ಲಲ್ಲಿ ಗುರುತು ಸಿಕ್ಕಿಸಿರುತ್ತಾರೆ: ಎರಡು ಮಾರಿಗೆ ಚರ್ಮದ ಪಟ್ಟಿ, ಐದಕ್ಕೆ ದಪ್ಪ ಬಿಳಿ ಬಟ್ಟೆ, ಏಳಕ್ಕೆ ಬಾವುಟದ ತೆಳು ಕೆಂಪು ಬಟ್ಟೆ, ಹತ್ತಕ್ಕೆ ತೂತಿರುವ ಚರ್ಮ. ಕತ್ತಲಲ್ಲಿ ಕಾಣದಿದ್ದರೆ ತುಟಿಗೆ ಒತ್ತಿ ತಿಳಿಯಬೇಕು. ನಾವು ಹಗಲಲ್ಲಿ ಕಣ್ಣಿಂದ ನೋಡುತ್ತಿದ್ದೆವು. ಜಟ್ಟ ಹಗಲಲ್ಲೂ ತುಟಿಗೇ ಒತ್ತುತ್ತಿದ್ದ. ಸಾರಂಗ ಚಾಚಾ ಅದನ್ನು ಕಂಡು, "ಇವನು ನೋಡ್ರೋ ಅಸಲಿ ಖಲಾಸಿ!" ಎಂದು ಎಲ್ಲರೆದುರು ಅವನ ಕಿವಿ ಜಗ್ಗಿದ್ದರು. ನನಗೆ ಹೊಟ್ಟೆಯಲ್ಲಿ ಉರಿ ಬಿತ್ತು. ಅದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ಮೂರನೆಯ ವರ್ಷ ಮಳೆಗಾಲಕ್ಕೆ ಮೊದಲು ಹಡಗಿಗೆ ಬಣ್ಣ ಬಳಿಯುವ ಕೆಲಸ ಬಂತು. ಹಡಗಿನ ಎಡಗಡೆಯ ದೀಪ ಕೆಂಪು, ಬಲಗಡೆಯದು ಹಸಿರು; ದೀಪ ಇಡುವ ಗೂಡಿಗೂ ಅದೇ ಬಣ್ಣ. ಎರಡೂ ಗೂಡು ಬಳಿಯುವ ಕೆಲಸ ಜಟ್ಟನಿಗೆ ಬಿತ್ತು. ಮಧ್ಯಾಹ್ನ ನಾನು ಚಹಾ ಕೊಡಲು ಹೋಗಿ ನೋಡುತ್ತೇನೆ, ಬಲಗಡೆಯ ಗೂಡು ಕುಂಕುಮದ ಹಾಗೆ ಕೆಂಪು.

"ಲೇ ಜಟ್ಟ, ಏನ್ ಮಾಡಾಕತ್ತೀಯಲೇ?"

"ಹಸಿರು ಬಳಿತಿದ್ದೆ ಮಾರಾಯ, ಕಾಣೂದಿಲ್ವನಾ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನ ಮುಖ ನೋಡಿದೆ, ತಮಾಷೆ ಇರಲಿಲ್ಲ. ನಾನು ಅವನ ಡಬ್ಬಿಯೊಳಗೆ ಬಗ್ಗಿ ನೋಡಿದ್ದೇ ತಡ, ಅವನಿಗೆ ಗೊತ್ತಾಯಿತು. ಬ್ರಷ್ಷು ಕೆಳಗಿಟ್ಟ. ಎರಡು ಡಬ್ಬಿಗಳನ್ನು ಒಂದೊಂದು ಕೈಯಲ್ಲಿ ಎತ್ತಿ ತೂಗಿದ. ಕೆಂಪು ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಡಬ್ಬಿ ಭಾರ. ಅವನು ಮೂರು ವರ್ಷವೂ ತೂಕ ನೋಡಿಯೇ ಬಣ್ಣ ಆರಿಸುತ್ತಿದ್ದ. ಆವತ್ತು ಯಾರೋ ಕೆಂಪನ್ನು ಅರ್ಧ ಖಾಲಿ ಮಾಡಿದ್ದರು, ಹಸಿರು ತುಂಬಿತ್ತು. ಸಂಕೇತದ ಬಾವುಟಗಳನ್ನು ಅವನು ಹೊಲಿಗೆ ಮುಟ್ಟಿ ಹೇಳುತ್ತಿದ್ದ. ಅಳೆಯುವ ಹಗ್ಗವನ್ನು ತುಟಿಗೆ ಒತ್ತುತ್ತಿದ್ದ ಕಾರಣವೂ ಆಗ ತಿಳಿಯಿತು. "ಎರಡೂ ಒಣಗಿದ ಎಲೆ ಹಾಂಗೇ ಕಾಣ್ತದೆ ನಂಗೆ," ಅಂದ. "ಯಾರ ಹತ್ರನೂ ಹೇಳ್ಬೇಡ, ಬಸ್ಯಾ." ನಾವಿಬ್ಬರೂ ಸೇರಿ ಹಸಿ ಬಣ್ಣವನ್ನು ಸೀಮೆಎಣ್ಣೆಯಿಂದ ಒರೆಸಿ, ಕತ್ತಲಾಗುವುದರೊಳಗೆ ಸರಿಯಾಗಿ ಬಳಿದೆವು. ಯಾರಿಗೂ ತಿಳಿಯಲಿಲ್ಲ.

ತಿಳಿಯಲೇಬೇಕಾದ ದಿನವೊಂದು ಎದುರಿಗೇ ಇತ್ತು. ಮೂರು ವರ್ಷ ಮುಗಿಸಿದವರಿಗೆ ಬಂದರಿನ ಡಾಕ್ಟರು ಬಂದು ಕಣ್ಣಿನ ಪರೀಕ್ಷೆ ಮಾಡುತ್ತಿದ್ದರು. ಪಾಸಾದರೆ ಜಹಾಜಿನ ಪುಸ್ತಕ. ಆ ಪುಸ್ತಕ ಕೈಗೆ ಬಂದರೆ ಜಗತ್ತಿನ ಯಾವ ಹಡಗಿನಲ್ಲಾದರೂ ಕೆಲಸ. ಅದಿಲ್ಲದಿದ್ದರೆ ಬಂದ ಕೇರಿಗೆ ವಾಪಸು, ಬರಿಗೈಲಿ. ಆ ವರ್ಷ ಒಂದು ದೊಡ್ಡ ಸರಕಿನ ಹಡಗು ನಮ್ಮಿಂದ ಒಬ್ಬನೇ ಹುಡುಗನನ್ನು ಕೇಳಿತ್ತು. ಉಳಿದವರು ಬೊಂಬಾಯಿಯಲ್ಲಿ ಸರದಿಗೆ ಕಾಯಬೇಕು, ಒಂದು ವರ್ಷವೋ ಎರಡೋ. ಸಾರಂಗ ಚಾಚಾ ಬರೆದ ಪಟ್ಟಿಯಲ್ಲಿ ಮೊದಲ ಹೆಸರು ಜಟ್ಟ, ಎರಡನೆಯದು ನಾನು.

ಪರೀಕ್ಷೆ ಹೀಗೆ: ಪರದೆ ಹಾಕಿ ಕತ್ತಲು ಮಾಡಿದ ಕೋಣೆ, ಆ ತುದಿಯಲ್ಲಿ ಒಂದು ಲಾಂದ್ರ. ಡಾಕ್ಟರು ಅದರ ಮುಂದೆ ಬಣ್ಣದ ಗಾಜು ತಿರುಗಿಸುತ್ತಾರೆ. ಲಾಲ್, ಹರಾ, ಸಫೇದ್, ಅಂದರೆ ಕೆಂಪು, ಹಸಿರು, ಬಿಳಿ, ಈ ಮೂರರಲ್ಲಿ ಯಾವುದೆಂದು ಹುಡುಗ ಹೇಳಬೇಕು. ನಾನು ಆಗ ಹುಡುಗರ ಲೀಡರು. ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಪರದೆ ಹಿಡಿದುಕೊಂಡು ಅಲ್ಲೇ ನಿಲ್ಲುವ ಕೆಲಸ ನನ್ನದೇ. ಉಪಾಯ ಜಟ್ಟನದು. ನಾನು ಹಿಮ್ಮಡಿಯಿಂದ ಹಲಗೆಗೆ ಮೆಲ್ಲಗೆ ಒಂದು ಸಲ ತಟ್ಟಿದರೆ ಕೆಂಪು, ಎರಡು ಸಲ ತಟ್ಟಿದರೆ ಹಸಿರು, ಏನೂ ತಟ್ಟದಿದ್ದರೆ ಬಿಳಿ. ಅವನು ಬರಿಗಾಲಲ್ಲಿ ಅದೇ ಹಲಗೆಯ ಮೇಲೆ ನಿಲ್ಲುತ್ತಾನೆ; ಕಿವಿಗೆ ಕೇಳದಿದ್ದರೂ ಅಂಗಾಲಿಗೆ ಕೇಳುತ್ತದೆ. ಎಂಟು ದಿನ ಅಭ್ಯಾಸ ಮಾಡಿದೆವು. ಊಟದ ಮುಂದೆ, ನೀರು ಸೇದುವಾಗ, ಎಲ್ಲೆಂದರಲ್ಲಿ ತಟ್ಟುವುದು, ಅವನು ತುಟಿಯಲ್ಲೇ ಉತ್ತರ ಹೇಳುವುದು. ಒಂದು ಸಲವೂ ತಪ್ಪಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಪಾಠದಲ್ಲಿ ಸಾರಂಗ ಚಾಚಾ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಹಡಗು ಬರೆದು ತೋರಿಸಿದರು. ಎದುರಿನವನ ಕೆಂಪು ದೀಪ ಕಂಡರೆ ಏನು ಮಾಡಬೇಕು, ಹಸಿರು ಕಂಡರೆ ಏನು. "ಗಲತಿ ಆದ್ರೆ ಎರಡು ಹಡಗಿನ ಜನ ನೀರಿಗೆ" ಅಂದರು. ನಾನು ಜಟ್ಟನ ಕಡೆ ನೋಡಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮರುದಿನ ನಾನು ಮಾಡಿದ್ದಕ್ಕೆ ಇದೇ ಕಾರಣ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನದಾಗಿತ್ತು ಅನ್ನುವುದೂ ಇತ್ತು. ಯಾವುದು ಎಷ್ಟು ಪಾಲು ಎಂದು ಅಳೆಯುವ ಹಗ್ಗ ನನ್ನ ಹತ್ತಿರ ಇಲ್ಲ.

ಜಟ್ಟ ಒಳಗೆ ಬಂದ. ಪರದೆ ಬಿಟ್ಟೆ. ಲಾಂದ್ರದಲ್ಲಿ ಕೆಂಪು ಬಂತು. ನನ್ನ ಹಿಮ್ಮಡಿ ಏಳಲಿಲ್ಲ.

"ಸಫೇದ್," ಅಂದ ಜಟ್ಟ, ಗಟ್ಟಿಯಾಗಿ, ಧೈರ್ಯವಾಗಿ.

ಸುಮ್ಮನಿದ್ದರೆ ಬಿಳಿ ಎಂದು ನಾವೇ ಮಾಡಿಕೊಂಡಿದ್ದ ಮಾತು. ಅದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ನಾನು ತಟ್ಟದಿದ್ದರೆ ಅವನು ತನಗೆ ತೋಚಿದ್ದು ಹೇಳುತ್ತಾನೆ, ಅದೃಷ್ಟವಿದ್ದರೆ ಪಾಸು, ಇಲ್ಲದಿದ್ದರೆ ಇಲ್ಲ, ಅದು ಅವನ ಹಣೆಬರಹ ಅಂದುಕೊಂಡಿದ್ದೆ. ಅವನು ಹಣೆಬರಹವನ್ನು ನಂಬಿರಲಿಲ್ಲ, ನನ್ನನ್ನು ನಂಬಿದ್ದ. ಹಸಿರು ಬಂತು. "ಸಫೇದ್." ಬಿಳಿ ಬಂತು. "ಸಫೇದ್." ಡಾಕ್ಟರು ಏನೋ ಬರೆದುಕೊಂಡರು. ಮತ್ತೆ ಕೆಂಪು. ಈ ಸಲ ಜಟ್ಟ ತಡೆದ. ಕತ್ತಲಲ್ಲಿ ಅವನ ತಲೆ ನನ್ನ ಕಡೆ ಸ್ವಲ್ಪ ತಿರುಗಿದ್ದು ಕಂಡಿತು. ಆ ದೊಡ್ಡ ಕಿವಿಯ ಅಂಚಿನಲ್ಲಿ ಲಾಂದ್ರದ ಕೆಂಪು ಇತ್ತು. ಈಗಲೂ ತಟ್ಟಬಹುದಿತ್ತು, ಇನ್ನೂ ಎಂಟು ಬಣ್ಣ ಬಾಕಿ ಇದ್ದವು. ಅವನು ಅಂಗಾಲನ್ನು ಹಲಗೆಗೆ ಒತ್ತಿಕೊಂಡು ಕಾಯುತ್ತಿದ್ದ, ನನಗೆ ಗೊತ್ತಾಗುತ್ತಿತ್ತು. ಆಮೇಲೆ ನೆಟ್ಟಗೆ ನಿಂತು, "ಕಾಣೂದಿಲ್ಲ, ಸಾಹೇಬ್ರೇ" ಅಂದ.

ಸಂಜೆ ಸಾರಂಗ ಚಾಚಾ ನನ್ನನ್ನು ಹಗ್ಗದ ಕೋಣೆಗೆ ಕರೆದರು. "ನಿನಗೆ ಗೊತ್ತಿತ್ತಾ?" ಎಂದು ಕೇಳಿದರು. "ಇಲ್ಲ ಚಾಚಾ," ಅಂದೆ. ಅವರು ಕೈಲಿದ್ದ ಹಗ್ಗವನ್ನೇ ನೋಡುತ್ತಿದ್ದರು. "ಯಾರಾದ್ರೂ ಪಹಲೇ ಹೇಳಿದ್ರೆ, ಪರೀಕ್ಷೆಗೇ ಕಳಿಸ್ತಿರಲಿಲ್ಲ ಬೇಟಾ. ಬಂದರಿನ ಹಗ್ಗದ ಗೋದಾಮಿಗೆ ಹಾಕಿಸ್ತಿದ್ದೆ. ಅಲ್ಲಿ ಬಣ್ಣ ಯಾರು ಕೇಳ್ತಾರೆ? ಈಗ ರಿಜಿಸ್ಟರಿನಲ್ಲಿ ಬರೆದಾಯ್ತು. ಸರ್ಕಾರದ ಕೆಲಸ ಯಾವುದೂ ಇಲ್ಲ ಅವನಿಗೆ." ಆವತ್ತು ಅವರು ಹಗ್ಗಕ್ಕೆ ಬೈಯಲಿಲ್ಲ.

ಜಟ್ಟನನ್ನು ಮರುದಿನ ಬೆಳಿಗ್ಗೆಯೇ ದೋಣಿಯಲ್ಲಿ ದಂಡೆಗೆ ಕಳಿಸಿದರು. ನಂಬರಿನ ಅಂಗಿ ಬಿಚ್ಚಿಸಿಕೊಂಡಿದ್ದರು. ಮೂರು ವರ್ಷದ ಹಿಂದೆ ಹಾಕಿಕೊಂಡು ಬಂದಿದ್ದ ಅಂಗಿಯೇ ಮೈಮೇಲೆ, ತೋಳು ಮೊಣಕೈಗೆ ಬಂದಿತ್ತು. ಹುಡುಗರೆಲ್ಲ ಹಡಗಿನ ಅಂಚಿನ ಕಟಕಟೆಯ ಹತ್ತಿರ ನಿಂತಿದ್ದರು. ಏಣಿ ಇಳಿಯುವ ಮೊದಲು ಅವನು ನನ್ನ ಮುಂದೆ ನಿಂತ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅಂದುಕೊಂಡೆ. ಅವನು ನನ್ನ ಪಾದದ ಕಡೆ ನೋಡಿ, ಸಣ್ಣಗೆ, ಇನ್ಯಾರಿಗೂ ಕೇಳದ ಹಾಗೆ ಕೇಳಿದ:

"ಕಾಲಿಗೆ ಜೋಮು ಹಿಡ್ದಿತ್ತನಾ, ಬಸ್ಯಾ?"

ಹೂಂ ಅಂದುಬಿಡು ಎಂದು ದಾರಿ ಬಿಟ್ಟುಕೊಟ್ಟನೋ, ಚುಚ್ಚಿದನೋ, ಇವತ್ತಿಗೂ ಬಗೆಹರಿದಿಲ್ಲ. ಅವನು ಏಣಿ ಇಳಿದ. ದೋಣಿ ಹೋಯಿತು. ಹದಿನೈದು ದಿನಕ್ಕೆ ನಾನು ಆ ಸರಕಿನ ಹಡಗು ಹತ್ತಿದೆ.

ಆಮೇಲಿನದು ದುಡಿಮೆಯ ಕತೆ, ಅದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ. ಖಲಾಸಿಯಿಂದ ಸಾರಂಗನವರೆಗೆ ಏರಿದೆ. ಓಕ್‌ಲ್ಯಾಂಡ್ ಬಂದರಿಗೆ ಎಷ್ಟು ಸಲ ಬಂದು ಹೋದೆನೋ ಲೆಕ್ಕವಿಲ್ಲ. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದು ನಿಂತೆ. ಆದರೆ ಹಡಗಿನಲ್ಲಿದ್ದಷ್ಟು ಕಾಲ, ಮುಂದೆ ನಿಂತು ಕಾವಲು ಕಾಯುವಾಗ ದೂರದಲ್ಲಿ ದೀಪ ಕಂಡು "ಲಾಲ್!" ಎಂದು ಕೂಗಿದ ಪ್ರತಿ ಸಲವೂ, ಯಾರದೋ ಬಾಯಿಂದ ಕಸಿದುಕೊಂಡು ಕೂಗಿದ ಹಾಗೆ ಅನ್ನಿಸುತ್ತಿತ್ತು.

ಹಡಗು ಬಿಟ್ಟು ಇಲ್ಲಿ ನೆಲೆಯಾಗುವ ಮೊದಲು ಒಮ್ಮೆ ಆ ಕಡೆ ಹೋಗಿದ್ದೆ. ಅಳಿವೆಯಲ್ಲಿ ದೊಡ್ಡವ್ವ ಇರಲಿಲ್ಲ. ಗುಜರಿಗೆ ಮಾರಿ, ಕಡಿದು, ಲಾರಿಗಳಲ್ಲಿ ಸಾಗಿಸಿದ್ದರಂತೆ. ಇಳಿತದ ಹೊತ್ತು; ಅವಳು ಕೂರುತ್ತಿದ್ದ ಜಾಗದಲ್ಲಿ ಉದ್ದಕ್ಕೆ ಒಂದು ತಗ್ಗು, ಅದರಲ್ಲಿ ನಿಂತ ನೀರು, ಕೊಕ್ಕರೆಗಳು. ಸಾರಂಗ ಚಾಚಾ ಎಂದೋ ತೀರಿಕೊಂಡಿದ್ದರು. ಅಲ್ಲಿಂದ ಕುಮಟಾಕ್ಕೆ ಹೋಗಿ, ಕೇಳುತ್ತಾ ಕೇಳುತ್ತಾ ಜಟ್ಟನ ತಂಗಿಯ ಮನೆ ಹುಡುಕಿದೆ. ಅಂಗಳದಲ್ಲಿ ಬಲೆ ಒಣಹಾಕುತ್ತಿದ್ದಳು. ಅಣ್ಣ ಕಾಮಾಲೆಯಾಗಿ ಹೋಗಿ ಎರಡು ವರ್ಷ ಆಯಿತು ಅಂದಳು. ಮದುವೆ ಆಗಿರಲಿಲ್ಲ. ಬೇರೆಯವರ ದೋಣಿಗೆ ಹೋಗುತ್ತಿದ್ದನಂತೆ.

"ದೋಣಿಯಲ್ಲಿ ಏನಾದರೂ ತೊಂದರೆ ಆಗಿತ್ತಾ? ರಾತ್ರಿ ದೀಪ ಗೀಪ ತಿಳಿಯದೆ?" ಎಂದು ಕೇಳಿದೆ. ಆ ಪ್ರಶ್ನೆ ಕೇಳಲೆಂದೇ ಅಷ್ಟು ದೂರ ಹೋಗಿದ್ದೆನೋ ಏನೋ.

"ತೊಂದ್ರೆ? ಅಣ್ಣ ಒಂದಿನಾನೂ ದಾರಿ ತಪ್ಪಿದವ ಅಲ್ಲ. ಮಂಜು ಬಿದ್ದಾಗ ಬಾಕಿ ದೋಣಿಯವ್ರು ಅವನ ಹಿಂದೇ ಬರ್ತಿದ್ರು" ಅಂದಳು. ಆಮೇಲೆ ನನ್ನ ಬೂಟು, ಕೈಗಡಿಯಾರ ನೋಡಿ, "ನೀವು ಯಾರು ಅಂದ್ರಿ? ಹಡಗಿನ ಶಾಲೆ ಕತೆ ಎಲ್ಲಾ ಹೇಳ್ತಿದ್ದ. ವಾಲಿದ ತಾಟು, ಗಡ್ಡದ ಸಾರಂಗ, ಎಲ್ಲಾ. ಬಸ್ಯಾ ಅನ್ನೂ ಹೆಸರು ಹೇಳಿದ್ದು ನೆನಪಿಲ್ಲ ನಂಗೆ" ಅಂದಳು. ಚಹಾ ಕೊಟ್ಟಳು. ಕುಡಿದು ಬಂದೆ.

ಟಾರಿನ ಡಬ್ಬಿ ತೆರೆಸಿದ ಆ ಹಾಯಿಹಡಗು ಇಲ್ಲಿ ಒಂದು ಸಂಸ್ಥೆಯದು. ರಿಚ್ಮಂಡ್, ಓಕ್‌ಲ್ಯಾಂಡಿನ ಬಡ ಮನೆಗಳ ಹುಡುಗರನ್ನು ಶನಿವಾರ ಭಾನುವಾರ ಕರೆತಂದು ಅದರ ಮೇಲೆ ಕೆಲಸ ಕಲಿಸುತ್ತಾರೆ. ಹಗ್ಗ ಕಟ್ಟಲು ಹೋದವನು ಕಳೆದ ವಾರ ಅವರನ್ನು ನೋಡುತ್ತಾ ನಿಂತೆ. ಉಸ್ತುವಾರಿಯ ಹೆಂಗಸನ್ನು ಕೇಳಿದೆ, ಇವರಿಗೆ ಕಣ್ಣಿನ ಪರೀಕ್ಷೆ ಮಾಡ್ತೀರಾ, ಬಣ್ಣ ಕಾಣದವನಿದ್ದರೆ ಏನು ಮಾಡ್ತೀರಿ ಎಂದು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಭುಜ ಕುಣಿಸಿ, "ಓ, ಒಬ್ಬನಿದ್ದಾನೆ. ಅವನಿಗೆ ಬೇರೆ ಕೆಲಸ ಕೊಡ್ತೀವಿ. ನೋ ಬಿಗ್ ಡೀಲ್" ಅಂದಳು. ಒಳ್ಳೆಯ ಹೆಂಗಸು, ನಗುತ್ತಾ ಹೇಳಿದಳು. ಅಷ್ಟೇ ಆಗಿತ್ತು ಅದು. ಒಂದು ಮಾತು, ಒಂದು ಬೇರೆ ಕೆಲಸ. ಮನೆಗೆ ಹೋಗುವಾಗ ಫ್ರೀವೇಯಲ್ಲಿ ನನ್ನ ಎಕ್ಸಿಟ್ಟು ದಾಟಿ ಎರಡು ಎಕ್ಸಿಟ್ಟು ಮುಂದೆ ಹೋಗಿದ್ದೆ.

ಹೆಂಡತಿಗೆ ಇದನ್ನು ಈವರೆಗೆ ಹೇಳಿಲ್ಲ. ಈ ಸಂಚಿಕೆಯಲ್ಲಿ ನಿಮ್ಮ ಜೊತೆಗೇ ಅವಳೂ ಓದುತ್ತಾಳೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ಸ್ಯಾನ್ ಲಿಯಾಂಡ್ರೋದಲ್ಲಿ ಎರಡು ಬೆಡ್‌ರೂಮಿನ ಮನೆ, ಹೆಂಡತಿ, ಒಬ್ಬಳು ಮಗಳು, ಒಬ್ಬ ಅಳಿಯ, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಒಬ್ಬಳು ಮೊಮ್ಮಗಳು. ಕೊನೆಯ ಹಾಳೆಯವರೆಗೂ ಮೊಹರು ಬಿದ್ದ ಮೂರು ಜಹಾಜಿನ ಪುಸ್ತಕ. ಹಗ್ಗ ಹೆಣೆಯುವ ಹತ್ತು ಬೆರಳು. ಯಾವತ್ತೂ ಜೋಮು ಹಿಡಿಯದ ಎರಡು ಕಾಲು. ಜಟ್ಟನದು ಅಂತ ಏನೂ ಇಲ್ಲ, ಒಂದು ಫೋಟೋ ಕೂಡ.